ಫೈನಲ್ಸ್‌ಗೆ 12 ಕೋರ್ ಮಾತ್ರ ಯಾಕೆ? 15 ಆದರೆ ಏನು ತೊಂದರೆ?

ಮೆಲ್ಲೊಫೋನ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಇದು. ಇವತ್ತು ಕೇಳಿಬಿಡುತ್ತೇನೆ.

ನನ್ನ ಮಗಳು ಮೂರು ಬೇಸಿಗೆ ಒಂದು ಡ್ರಮ್ ಕೋರ್‌ನಲ್ಲಿ, ಅಂದರೆ ಮೈದಾನದಲ್ಲಿ ನಡೆಯುತ್ತಾ ಹಿತ್ತಾಳೆ ವಾದ್ಯ, ಡ್ರಮ್ ನುಡಿಸಿ ಸ್ಪರ್ಧಿಸುವ ಅಮೆರಿಕದ ಯುವ ತಂಡದಲ್ಲಿ, ಮೆಲ್ಲೊಫೋನ್ ಅನ್ನುವ ಹಿತ್ತಾಳೆ ವಾದ್ಯ ನುಡಿಸಿದಳು. ಅದು ಮೇಲಿನ ವಿಭಾಗವಾದ ವರ್ಲ್ಡ್ ಕ್ಲಾಸ್‌ನ ಕೋರ್. ಯಾವ ಕೋರ್ ಅಂತ ಹೇಳುವುದಿಲ್ಲ, ಇಲ್ಲಿ ಅದು ಮುಖ್ಯ ಅಲ್ಲ. ಅವಳ ಏಜ್‌ಔಟ್ ವರ್ಷ, ಅಂದರೆ ವಯಸ್ಸಿನ ಮಿತಿ ಮುಗಿಯುವ ಕೊನೆಯ ಬೇಸಿಗೆ, ಶುಕ್ರವಾರದ ಸೆಮಿಫೈನಲ್ಸ್‌ನಲ್ಲಿ ಅವರು 13ನೇ ಸ್ಥಾನಕ್ಕೆ ಬಂದರು. ಶನಿವಾರ ರಾತ್ರಿಯ ಫೈನಲ್ಸ್‌ಗೆ ಹೋಗುವುದು ಮೊದಲ 12 ಮಾತ್ರ. 12ನೆಯವರಿಗೂ ಇವರಿಗೂ ನಡುವೆ ಒಂದು ಅಂಕದ ಅಂತರವೂ ಇರಲಿಲ್ಲ.

ಅಂಕ ಹೊರಬಂದಾಗ ನಾನು ಇಂಡಿಯಾನಾಪೊಲಿಸ್‌ನ ಲುಕಾಸ್ ಆಯಿಲ್ ಸ್ಟೇಡಿಯಂ ಹೊರಗೆ, ಬಸ್ಸುಗಳ ಪಕ್ಕದಲ್ಲಿ ನಿಂತಿದ್ದೆ. ಮಕ್ಕಳು ಫೋನಿನಲ್ಲಿ ನೋಡಿದರು. ಯಾರೂ ಜೋರಾಗಿ ಅಳಲಿಲ್ಲ. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ನನ್ನ ಮಗಳು ಮೌತ್‌ಪೀಸ್ ಬಿಚ್ಚಿ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದಳು. ಪ್ರತಿ ಶೋ ಆದ ಮೇಲೂ ಯೂನಿಫಾರ್ಮ್ ಕಳಚಿ ಹ್ಯಾಂಗರ್‌ಗೆ ಹಾಕಿ ಟ್ರಕ್ಕಿಗೆ ಕೊಡಬೇಕು. ಸುತ್ತ ಎಲ್ಲರೂ ಅದನ್ನು ಮಾಡುತ್ತಿದ್ದರು, ಇವಳು ಮಾತ್ರ ಹಾಗೇ ನಿಂತಿದ್ದಳು. ಆಮೇಲೆ ನನ್ನ ಕಡೆ ಬೆನ್ನು ತಿರುಗಿಸಿ "ಅಮ್ಮಾ, ಜಿಪ್ ಎಳಿ" ಅಂದಳು. ಅಷ್ಟೇ. ನಾನು ಎಳೆದೆ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಹಾಗೇ ನಿಲ್ಲುತ್ತಿದ್ದಳು.

ಬರೀ ಅಮ್ಮನ ಸಂಕಟದಿಂದ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ನನ್ನ ಹತ್ತಿರ ಲೆಕ್ಕವೂ ಇದೆ. ಈ ಸ್ಪರ್ಧೆ ನಡೆಸುವ ಸಂಸ್ಥೆ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್), ಅದರ ಮೊದಲ ಚಾಂಪಿಯನ್‌ಶಿಪ್ ನಡೆದಿದ್ದು 1972ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ. ಅವತ್ತೂ ಫೈನಲ್ಸ್‌ಗೆ 12, ಇವತ್ತೂ 12. ಈ ನಡುವೆ ಏನೆಲ್ಲ ಬದಲಾಯಿತು ನೋಡಿ. ಒಂದೊಂದು ತಪ್ಪಿಗೂ ಅಂಕ ಕಳೆಯುತ್ತಿದ್ದ ಟಿಕ್ ಪದ್ಧತಿ 1984ರಲ್ಲಿ ಹೋಯಿತು. 2000ದಲ್ಲಿ ಯಾವ ಕೀಯ (ಶ್ರುತಿಯ) ಹಿತ್ತಾಳೆ ವಾದ್ಯ ಬೇಕಾದರೂ ತರಬಹುದು ಅಂತಾಯಿತು. 2004ರಲ್ಲಿ ಮೈಕು ಬಂತು, 2009ರಲ್ಲಿ ಸಿಂಥಸೈಜರ್ ಬಂತು. ಒಂದು ಕೋರ್‌ಗೆ 128 ಜನರ ಮಿತಿ 150 ದಾಟಿತು. ಇಷ್ಟೆಲ್ಲ ಬದಲಾಯಿಸಲು ಒಪ್ಪಿದವರು ಆ ಒಂದು ಸಂಖ್ಯೆಯನ್ನು ಮಾತ್ರ ಯಾಕೆ ಮುಟ್ಟಲಿಲ್ಲ?

ಇನ್ನೊಂದು ವಿಷಯ. ಗುರುವಾರದ ಮೊದಲ ಸುತ್ತು, ಪ್ರಿಲಿಮ್ಸ್‌ನಿಂದ 25 ಕೋರ್ ಸೆಮಿಗೆ ಹೋಗುತ್ತವೆ. ವರ್ಲ್ಡ್ ಕ್ಲಾಸ್‌ನಲ್ಲಿ ಇರುವುದೇ 20ರ ಆಸುಪಾಸು. ಅಂದರೆ ಅವರೆಲ್ಲ ಹೆಚ್ಚುಕಮ್ಮಿ ಸೆಮಿಗೆ ಬಂದೇ ಬರುತ್ತಾರೆ, ಜೊತೆಗೆ ಕೆಳಗಿನ ವಿಭಾಗವಾದ ಓಪನ್ ಕ್ಲಾಸ್‌ನ ಮೇಲಿನ ಕೆಲವರು. ಗುರುವಾರದ ಗೆರೆ ತುಂಬಾ ಸಡಿಲ, ಶುಕ್ರವಾರದ ಗೆರೆ ಒಂದೇ ಏಟಿಗೆ ಅರ್ಧಕ್ಕಿಂತ ಜಾಸ್ತಿ ಜನರನ್ನು ಮನೆಗೆ ಕಳಿಸುತ್ತದೆ. ಇದು ಸರಿಯಾದ ಹಂಚಿಕೆ ಅಂತ ನಿಮಗೆ ಅನಿಸುತ್ತದಾ? 25, ಆಮೇಲೆ 15 ಅಂತ ಮಾಡಿದರೆ ಯಾರಿಗೆ ನಷ್ಟ? ಬೇಜಾರಿಲ್ಲದೆ ನೇರವಾಗಿ ಹೇಳಿ.

ಹಳೇ ಸೊಪ್ರಾನೊ:

ಮೇಡಂ, ನಿಮ್ಮ ಮಗಳ ಆ ಜಿಪ್ಪಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆದರೂ ನಾನು 12ರ ಪರ. ಯಾಕೆ ಅಂತ ಹೇಳುತ್ತೇನೆ, ಉದ್ದ ಆದರೆ ಕ್ಷಮಿಸಿ.

ನಾನು ನುಡಿಸಿದ್ದು ಹಳೇ ಕಾಲದಲ್ಲಿ, ಎರಡು ವಾಲ್ವಿನ ಜಿ ಬ್ಯೂಗಲ್ (ಜಿ ಕೀಯ ಹಿತ್ತಾಳೆ ವಾದ್ಯ) ಇದ್ದಾಗ. ನಮ್ಮ ಕೋರ್ ಒಂದು ಸಲವೂ ಶನಿವಾರ ರಾತ್ರಿ ಮೈದಾನಕ್ಕೆ ಇಳಿಯಲಿಲ್ಲ. ಹಾಗಾಗಿ ಒಳಗೆ ಕೂತು ಬಾಗಿಲು ಹಾಕಿಕೊಳ್ಳುವವನ ಮಾತು ಅಂತ ತಿಳಿಯಬೇಡಿ. ನಾನೂ ಹೊರಗೇ ಇದ್ದವನು.

ಬೋಸ್ಟನ್ ಕ್ರುಸೇಡರ್ಸ್ ಶುರುವಾಗಿದ್ದು 1940ರಲ್ಲಿ. ಡಿಸಿಐ ಕಟ್ಟುವಾಗ ಜೊತೆಗೆ ಇದ್ದ ಕೋರ್ ಅದು. ಆದರೆ ಅವರು ಮೊದಲ ಸಲ ಫೈನಲ್ಸ್ ಕಂಡಿದ್ದು 1999ರಲ್ಲಿ. 1972ರಿಂದ ಲೆಕ್ಕ ಹಾಕಿ, 27 ವರ್ಷ. ಆ 27 ವರ್ಷದಲ್ಲಿ ಎಷ್ಟು ಮಕ್ಕಳು ಬಂದು ಏಜ್‌ಔಟ್ ಆಗಿ ಹೋದರೋ. ಅದೇ ಕೋರ್ 2025ರಲ್ಲಿ ಚಾಂಪಿಯನ್ ಆಯಿತು. ಅವತ್ತು ಅಂಕ ಓದಿದಾಗ ನಾನು ಎದ್ದು ನಿಂತುಬಿಟ್ಟೆ. ನನ್ನ ಮನಸ್ಸಿಗೆ ಬಂದದ್ದು ಆ ರಾತ್ರಿಯ ಟ್ರೋಫಿಗಿಂತ ಜಾಸ್ತಿ 1999. ಅವರು ಆ ಗೆರೆ ದಾಟಿದ ದಿನ. ಗೆರೆ 15ಕ್ಕೋ 17ಕ್ಕೋ ಇದ್ದಿದ್ದರೆ ಅವರು ಬಹುಶಃ ಮುಂಚೆಯೇ ದಾಟಿರುತ್ತಿದ್ದರು, ಆದರೆ ದಾಟಿದ್ದಕ್ಕೆ ಅಷ್ಟು ತೂಕ ಇರುತ್ತಿತ್ತಾ?

ವಯೋಮಿಂಗ್‌ನ ಟ್ರೂಪರ್ಸ್ ನೋಡಿ. 1986ರ ನಂತರ ಫೈನಲ್ಸ್ ಇಲ್ಲ. 2006ರಲ್ಲಂತೂ ಮೈದಾನಕ್ಕೇ ಬರಲಿಲ್ಲ, ಇನ್ನು ಆ ಕೋರ್ ಮುಗಿಯಿತು ಅಂದುಕೊಂಡವರು ಬಹಳ ಜನ. 2009ರಲ್ಲಿ 12ನೆಯವರಾಗಿ ಒಳಗೆ ಬಂದರು. 23 ವರ್ಷ ಆದ ಮೇಲೆ. ಮ್ಯಾಂಡರಿನ್ಸ್ 1963ರಲ್ಲಿ ಸ್ಯಾಕ್ರಮೆಂಟೊದ ಚೀನೀ ಅಮೆರಿಕನ್ ಕುಟುಂಬಗಳು ಶುರು ಮಾಡಿದ ಪುಟ್ಟ ತಂಡ. ಎಷ್ಟೋ ವರ್ಷ ಕೆಳಗಿನ ವಿಭಾಗದಲ್ಲೇ ಆಡಿ, ಆಡಿ, 2018ರಲ್ಲಿ ವರ್ಲ್ಡ್ ಕ್ಲಾಸ್ ಫೈನಲ್ಸ್‌ಗೆ ಬಂದರು. ಅರಿಜೋನಾದ 'ದಿ ಅಕಾಡೆಮಿ' ಕೋರ್ 2016ರಲ್ಲಿ. ಇವರ್ಯಾರಿಗೂ ಗೆಲ್ಲುವ ಆಸೆ ಇರಲಿಲ್ಲ ಆ ವರ್ಷ. 12ರೊಳಗೆ ಬಂದದ್ದೇ ಗೆಲುವು.

ಬ್ಲೂ ಡೆವಿಲ್ಸ್ 1974ರಿಂದ ಒಂದು ಸಲವೂ ಫೈನಲ್ಸ್ ತಪ್ಪಿಸಿಕೊಂಡಿಲ್ಲ, 21 ಸಲ ಗೆದ್ದಿದ್ದಾರೆ. ಅವರಿಗೆ ಗೆರೆ 12ಕ್ಕಿದ್ದರೂ ಒಂದೇ, 20ಕ್ಕಿದ್ದರೂ ಒಂದೇ. ಗೆರೆ ಇರುವುದು ಕೆಳಗಿನವರಿಗಾಗಿ. ಅವರು ಚಳಿಗಾಲ ಪೂರ್ತಿ ಒಂದು ಸಂಖ್ಯೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಅದನ್ನು ಸುಲಭ ಮಾಡಿ ಅವರಿಗೆ ಉಪಕಾರ ಮಾಡಿದ ಹಾಗೆ ಆಗುವುದಿಲ್ಲ.

ಗಾರ್ಡ್ ಅಕ್ಕ:

15 ಆಗಲಿ. ನನಗೆ ಒಂದೇ ಕಾರಣ. ನಾನು ಕಲರ್ ಗಾರ್ಡ್, ಅಂದರೆ ಧ್ವಜ, ಮರದ ರೈಫಲ್ ತಿರುಗಿಸುತ್ತಾ ನೃತ್ಯ ಮಾಡುವ ವಿಭಾಗಕ್ಕೆ ಕಲಿಸುತ್ತೇನೆ. ಕೆಳಗಿನ ಕೋರ್‌ಗಳಲ್ಲಿ ಎಷ್ಟು ಒಳ್ಳೆಯ ಗಾರ್ಡ್ ಇರುತ್ತದೆ ಅಂತ ಶನಿವಾರ ಮಾತ್ರ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಹಿತ್ತಾಳೆ ವಿಭಾಗ ಸ್ವಲ್ಪ ಹಿಂದೆ ಬಿದ್ದರೆ ಇಡೀ ಕೋರ್ 14ಕ್ಕೆ ಹೋಗುತ್ತದೆ, ಜೊತೆಗೆ ಗಾರ್ಡ್ ಕೂಡ. ಆ ಹುಡುಗಿಯರು ರೈಫಲ್ ಏಳು ಸುತ್ತು ತಿರುಗಿಸಿ ಹಿಡಿದರೂ ಅದು ಶುಕ್ರವಾರಕ್ಕೇ ಮುಗಿಯಿತು. ಹಳೇ ಸೊಪ್ರಾನೊ ಸರ್, ನೀವು ಹೇಳಿದ್ದು ಕೋರ್‌ಗಳ ಕಥೆ. ಕೋರ್ 27 ವರ್ಷ ಕಾಯಬಹುದು. ಹುಡುಗಿಗೆ ಸಿಗುವುದು ಮೂರೋ ನಾಲ್ಕೋ ಬೇಸಿಗೆ ಅಲ್ವಾ?

ಅಡುಗೆ ಟ್ರಕ್:

ನಾನು ಆರು ವರ್ಷದಿಂದ ಒಂದು ಕೋರ್‌ನ ಅಡುಗೆ ಟ್ರಕ್ಕಿನಲ್ಲಿ ಸ್ವಯಂಸೇವಕ. ಸಂಗೀತದ ಬಗ್ಗೆ ಮಾತಾಡುವಷ್ಟು ನನಗೆ ಗೊತ್ತಿಲ್ಲ. ಸಮಯ, ಬಸ್ಸು, ಊಟ ಇವು ಗೊತ್ತು. ಅದನ್ನೇ ಹೇಳುತ್ತೇನೆ.

ಮೊದಲು ಸಮಯ. ಒಂದು ಕೋರ್ ಮೈದಾನಕ್ಕೆ ಬಂದು, ಮಾರಿಂಬಾ ವೈಬ್ರಫೋನ್ ಅನ್ನುವ ದೊಡ್ಡ ವಾದ್ಯಗಳನ್ನೆಲ್ಲ ತಳ್ಳಿಕೊಂಡು ಬಂದು ಮುಂದೆ ಜೋಡಿಸಿ, ಪರದೆ ಮೆಟ್ಟಿಲು ಅಂತ ತಂದಿದ್ದನ್ನೆಲ್ಲ ನಿಲ್ಲಿಸಿ, 12 ನಿಮಿಷದೊಳಗಿನ ಶೋ ಆಡಿ, ಮತ್ತೆ ಎಲ್ಲ ಎಳೆದುಕೊಂಡು ಹೊರಗೆ ಹೋಗುವಷ್ಟರಲ್ಲಿ ಕಾಲು ಗಂಟೆ ದಾಟುತ್ತದೆ. ಮೂರು ಕೋರ್ ಜಾಸ್ತಿ ಆದರೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಅದೇನೂ ದೊಡ್ಡದಲ್ಲ. ಗುರುವಾರ ಬೆಳಗ್ಗೆಯಿಂದ ರಾತ್ರಿವರೆಗೆ ಸಾಲಾಗಿ ಕೋರ್‌ಗಳು ಬರುತ್ತಲೇ ಇರುತ್ತವೆ, ಯಾರೂ ಸತ್ತಿಲ್ಲ. ಸ್ಟೇಡಿಯಂಗೆ ಮಾಡು ಇದೆ, ಮಳೆ ಬಂದರೂ ತೊಂದರೆ ಇಲ್ಲ. ಸಮಯ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ದುಡ್ಡಿನ ಮಾತು ಬೇರೆ. ಶುಕ್ರವಾರ ಮುಗಿದ ಕೋರ್‌ಗೆ ಇನ್ನೊಂದು ದಿನ ಬಸ್ಸು, ಮಲಗಲು ಶಾಲೆಯ ಜಿಮ್, ಅಭ್ಯಾಸಕ್ಕೆ ಮೈದಾನ, ದಿನಕ್ಕೆ ನಾಲ್ಕು ಊಟ ಅಂತ ಖರ್ಚು ಬೀಳುವುದು ತಪ್ಪುತ್ತದೆ. ಮಕ್ಕಳು, ಕಲಿಸುವವರು, ನಮ್ಮಂಥವರು ಎಲ್ಲ ಸೇರಿ ಇನ್ನೂರು ತಟ್ಟೆ ಒಂದೊಂದು ಹೊತ್ತಿಗೆ. 13, 14, 15ನೇ ಜಾಗದಲ್ಲಿ ಬರುವ ಕೋರ್‌ಗಳೇ ಸಾಮಾನ್ಯವಾಗಿ ಕೈ ಬಿಗಿ ಇರುವವು. ಹಾಗಂತ ನಮ್ಮ ಡೈರೆಕ್ಟರ್ ಆ ಖರ್ಚು ಬೇಡ ಅನ್ನುತ್ತಾರಾ? ಖಂಡಿತ ಇಲ್ಲ. ಸಾಲ ಮಾಡಿಯಾದರೂ ಶನಿವಾರ ಆಡಿಸುತ್ತಾರೆ.

ಒಂದು ಸಲ ನಮ್ಮದೂ ಶುಕ್ರವಾರಕ್ಕೆ ನಿಂತಿತು. ಮಾರನೇ ದಿನ ಬೆಳಗ್ಗೆ ಎಂದಿನ ಹಾಗೆ ಐದಕ್ಕೆ ಎದ್ದು ಮೊಟ್ಟೆ ಕಲಕಿದೆವು. ಎಂದಿನ ದಿನ ಆದರೆ ಏಳಕ್ಕೆ ಸಾಲು ಶುರು. ಎಲ್ಲರ ಕೈಯಲ್ಲೂ ನೀರಿನ ದೊಡ್ಡ ಕ್ಯಾನ್ ಇರುತ್ತದೆ, ಕೊರಳಿಗೆ ಟೋಪಿ ನೇತಾಡುತ್ತಿರುತ್ತದೆ, ಬೇಗ ಬೇಗ ತಿಂದು ಮೈದಾನಕ್ಕೆ ಓಡುತ್ತಾರೆ. ಅವತ್ತು ಎಂಟೂವರೆ ಆದರೂ ಸಾಲಿಲ್ಲ. ಒಬ್ಬೊಬ್ಬರಾಗಿ ಬಂದರು, ಸೂಟ್‌ಕೇಸ್ ಎಳೆದುಕೊಂಡು. ಬೇಸ್ ಡ್ರಮ್ಮಿನ ಒಬ್ಬ ಹುಡುಗ ತಟ್ಟೆ ಹಿಡಿದು ನಿಂತು "ಅಂಕಲ್, ಇವತ್ತು ಎಷ್ಟು ಗಂಟೆಗೆ ರಿಹರ್ಸಲ್ ಅಂತ ಎದ್ದ ತಕ್ಷಣ ಯೋಚಿಸಿದೆ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ಸೌಟು ಬಡಿಸಿದೆ.

ರೀಕ್ಯಾಪ್ ಶೀಟ್:

ಎಲ್ಲರೂ 12ಓ 15ಓ ಅಂತ ಚರ್ಚಿಸುತ್ತಿದ್ದೀರಿ. ನನ್ನ ಪ್ರಕಾರ ಪ್ರಶ್ನೆ ಅದಲ್ಲ. ಸಂಖ್ಯೆ ಯಾವುದಾದರೂ ಇರಲಿ, ಆ ಜಾಗದಲ್ಲಿ ಅಂಕದ ಅಂತರ ಎಷ್ಟಿದೆ ಅನ್ನುವುದು ನೋಡಬೇಕು.

ನೂರು ಅಂಕದಲ್ಲಿ ಜನರಲ್ ಎಫೆಕ್ಟ್‌ಗೆ (ಶೋನ ಒಟ್ಟು ಪರಿಣಾಮಕ್ಕೆ) 40, ವಿಷುವಲ್‌ಗೆ 30, ಮ್ಯೂಸಿಕ್‌ಗೆ 30. ಪ್ರತಿಯೊಬ್ಬ ತೀರ್ಪುಗಾರರೂ ತಮ್ಮ ಹಾಳೆಯಲ್ಲಿ ತೀರಾ ಸಣ್ಣ ಅಂತರದಲ್ಲೇ ಕೋರ್‌ಗಳನ್ನು ಬೇರೆ ಮಾಡುತ್ತಾರೆ. ಅವು ಸರಾಸರಿಯಾಗಿ, ಸೇರಿಕೊಂಡು, ಕೊನೆಗೆ ಮೂರು ದಶಮಾಂಶದ ಒಂದು ಸಂಖ್ಯೆ ಬರುತ್ತದೆ. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ 98.125, ಬ್ಲೂ ಡೆವಿಲ್ಸ್ 98.100. ಅಂತರ 0.025. ಅಷ್ಟಕ್ಕೆ ಒಂದು ಚಾಂಪಿಯನ್‌ಶಿಪ್. ಇನ್ನು 1996, 1999, 2000 ಈ ಮೂರು ವರ್ಷ ಮೊದಲ ಸ್ಥಾನದಲ್ಲೇ ಇಬ್ಬರು ಸಮ. ಎಲ್ಲರ ಕಣ್ಣೂ ನೆಟ್ಟಿರುವ ಮೊದಲ ಜಾಗದಲ್ಲೇ ಇಷ್ಟು ಹತ್ತಿರ ಹತ್ತಿರ ಬರುತ್ತದೆ ಅಂದರೆ, 12 ಮತ್ತು 13ರ ನಡುವೆ ಎರಡೋ ಮೂರೋ ದಶಾಂಶದ ವ್ಯತ್ಯಾಸ ಬಂದಾಗ ಇವರು ನಿಜವಾಗಿ ಅವರಿಗಿಂತ ಮೇಲು ಅಂತ ಹೇಗೆ ಹೇಳುವುದು? ಬೇರೆ ರಾತ್ರಿ, ಬೇರೆ ತೀರ್ಪುಗಾರರು ಇದ್ದರೆ ಅದಲು ಬದಲಾಗಿರಬಹುದು.

ಮತ್ತೆ ಇದೂ ನೆನಪಿರಲಿ: ಶುಕ್ರವಾರದ ಅಂಕ ಶನಿವಾರಕ್ಕೆ ಬರುವುದಿಲ್ಲ. ಶನಿವಾರ ಎಲ್ಲರೂ ಸೊನ್ನೆಯಿಂದ ಶುರು. 12ನೆಯವರಾಗಿ ಒಳಗೆ ಬಂದವರು 11ಕ್ಕೋ 10ಕ್ಕೋ ಏರಬಹುದು. 13ನೆಯವರಿಗೆ ಮಾತ್ರ ಆ ಅವಕಾಶವೇ ಇಲ್ಲ.

ಹಾಗಾಗಿ ನನ್ನ ಸಲಹೆ ಇದು. 12 ಹಾಗೇ ಇರಲಿ. ಆದರೆ 12ನೆಯವರಿಗಿಂತ ಅರ್ಧ ಅಂಕದೊಳಗೆ ಯಾರಿದ್ದಾರೋ ಅವರೂ ಬರಲಿ. ಒಂದು ವರ್ಷ ಯಾರೂ ಇರುವುದಿಲ್ಲ, 12ಕ್ಕೇ ನಿಲ್ಲುತ್ತದೆ. ಇನ್ನೊಂದು ವರ್ಷ 14 ಆಗುತ್ತದೆ. ಅಂತರ ದೊಡ್ಡದಿದ್ದಾಗ ಯಾರಿಗೂ ಅನ್ಯಾಯ ಅನಿಸುವುದಿಲ್ಲ. ಮೆಲ್ಲೊಫೋನ್ ಅಮ್ಮ ಹೇಳಿದ ವರ್ಷ ಅಂತರ ಅರ್ಧದೊಳಗೆ ಇತ್ತಾ?

ಮೆಲ್ಲೊಫೋನ್ ಅಮ್ಮ:

ಇಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ನಿಮ್ಮ ನಿಯಮದಲ್ಲೂ ಅವರು ಹೊರಗೇ.

ಹಳೇ ಸೊಪ್ರಾನೊ:

ರೀಕ್ಯಾಪ್ ಅವರೇ, ನಿಮ್ಮ ಲೆಕ್ಕ ನೇರವಾಗಿದೆ, ಆದರೆ ತೊಂದರೆಯೂ ಇಲ್ಲೇ ಇದೆ ನೋಡಿ. ಅರ್ಧ ಅಂಕದ ನಿಯಮ ಬಂದ ಮಾರನೇ ವರ್ಷವೇ ಯಾರೋ 0.55ಕ್ಕೆ ತಪ್ಪಿಸಿಕೊಳ್ಳುತ್ತಾರೆ. ಆಗ ಅವರಿಗೆ ಏನು ಹೇಳುತ್ತೀರಿ? ಜೊತೆಗೆ ತೀರ್ಪುಗಾರರ ಮೇಲೆ ಹೊಸ ಭಾರ. ಈಗ ಅವರು ಕೋರ್‌ಗಳನ್ನು ಹೋಲಿಸಿದರೆ ಸಾಕು. ಆಮೇಲೆ ತಮ್ಮ ಒಂದು ದಶಾಂಶದಿಂದ ಇನ್ನೊಂದು ಕೋರ್‌ಗೆ ಬಾಗಿಲು ತೆರೆಯುತ್ತದಾ ಮುಚ್ಚುತ್ತದಾ ಅನ್ನುವುದೂ ತಲೆಯಲ್ಲಿ ಇರುತ್ತದೆ. ಬೇಡ ಅಂದರೂ ಇರುತ್ತದೆ, ಅವರೂ ಮನುಷ್ಯರೇ.

ಮತ್ತೆ ಮಕ್ಕಳಿಗೆ "ಇಷ್ಟು ಮಾಡಿದರೆ ಫೈನಲ್ಸ್" ಅಂತ ಸ್ಪಷ್ಟವಾಗಿ ಹೇಳುವ ಹಾಗಿರಬೇಕು. 12 ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಹೈಸ್ಕೂಲ್ ಬ್ಯಾಂಡ್‌ಗಳ ಸ್ಪರ್ಧೆ ಬಿಒಎ (ಬ್ಯಾಂಡ್ಸ್ ಆಫ್ ಅಮೆರಿಕ) ಗ್ರ್ಯಾಂಡ್ ನ್ಯಾಷನಲ್ಸ್ ಕೂಡ ಇದೇ ಸ್ಟೇಡಿಯಂನಲ್ಲಿ ನಡೆಯುತ್ತದೆ, ಅಲ್ಲೂ ಫೈನಲ್ಸ್ ಅಂದರೆ 12ರ ಲೆಕ್ಕವೇ. ಹಿರಿಯರ ಕೋರ್‌ಗಳ ಸಂಸ್ಥೆ ಡಿಸಿಎದಲ್ಲಿ ಬಹಳ ಕಾಲ 10 ಇತ್ತು. ಆ ಸಂಖ್ಯೆಗಳಲ್ಲಿ ಮಂತ್ರ ಏನೂ ಇಲ್ಲ ಅಂತ ನನಗೂ ಗೊತ್ತು. ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ಸಂಖ್ಯೆ ಬೇಕು.

ಗಾರ್ಡ್ ಅಕ್ಕನ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಕೋರ್ ಕಾಯಬಹುದು, ಹುಡುಗಿ ಕಾಯಲಾರಳು. ಅದು ನಿಜ. ನಾನೂ ಕಾಯಲಾರದೆ ಏಜ್‌ಔಟ್ ಆದವನೇ.

ಟೆನರ್ ಹುಡುಗ:

ಆಂಟಿ, ನಾನು ಎರಡು ವರ್ಷ ಶುಕ್ರವಾರ ರಾತ್ರಿ ಹೊರಗೆ ಹೋದವನು, ಮೂರನೇ ವರ್ಷ ಶನಿವಾರ ಆಡಿದವನು. ಎರಡೂ ಕಡೆ ನಿಂತು ನೋಡಿದ್ದೇನೆ, ಹಾಗಾಗಿ ಸ್ವಲ್ಪ ಧೈರ್ಯವಾಗಿ ಬರೆಯುತ್ತೇನೆ. ತಪ್ಪು ತಿಳಿಯಬೇಡಿ.

15 ಬೇಡ. ಯಾಕೆಂದರೆ ಗೆರೆ ಆಗಲೇ ಸಡಿಲವಾಗಿದೆ, ನಾವು ಗಮನಿಸಿಲ್ಲ ಅಷ್ಟೇ. 1972ರಲ್ಲಿ ವೈಟ್‌ವಾಟರ್‌ಗೆ ಬಂದಿದ್ದು ಸುಮಾರು 40 ಕೋರ್. ಅವರಲ್ಲಿ 12, ಅಂದರೆ ಮೂರರಲ್ಲಿ ಒಂದಕ್ಕಿಂತ ಕಡಿಮೆ. ಈಗ ವರ್ಲ್ಡ್ ಕ್ಲಾಸ್ 20ರ ಹತ್ತಿರ, ಅದರಲ್ಲಿ 12 ಅಂದರೆ ಅರ್ಧಕ್ಕಿಂತ ಜಾಸ್ತಿ. 15 ಮಾಡಿದರೆ ನಾಲ್ಕರಲ್ಲಿ ಮೂರು. ಸಂಖ್ಯೆ ಹಾಗೇ ಇದೆ, ಸುತ್ತಲಿನ ಕೋರ್‌ಗಳು ಕರಗುತ್ತಿವೆ. ಸ್ಟಾರ್ ಆಫ್ ಇಂಡಿಯಾನಾ 1991ರಲ್ಲಿ ಗೆದ್ದು 1993 ಆದ ಮೇಲೆ ಹೊರಟುಹೋಯಿತು. ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ 2023ರಲ್ಲಿ ಮೈದಾನಕ್ಕೆ ಬರಲಿಲ್ಲ, ಪುಣ್ಯಕ್ಕೆ ಮರುವರ್ಷ ಬಂದರು. 10 ಸಲ ಗೆದ್ದ ಕೆಡೆಟ್ಸ್ 2024ರಲ್ಲಿ ಮುಚ್ಚಿಯೇ ಹೋಯಿತು. ಇಂಥ ಒಂದೊಂದು ಕೋರ್ ಹೋದಾಗಲೂ ಕೆಳಗಿನವರೆಲ್ಲ ಒಂದು ಮೆಟ್ಟಿಲು ಮೇಲೆ ಬರುತ್ತಾರೆ. ಯಾರೂ ಏನೂ ಜಾಸ್ತಿ ಮಾಡದೆಯೇ. ಆ ಜಾಗದಲ್ಲಿ ಫೈನಲ್ಸ್‌ಗೆ ಹೋದವರಿಗೂ ಅದು ಒಳಗೊಳಗೆ ಗೊತ್ತಿರುತ್ತದೆ. ನನಗೆ 15 ಕೋರ್‌ಗಳ ಫೈನಲ್ಸ್‌ಗಿಂತ 30 ಕೋರ್‌ಗಳ ವರ್ಲ್ಡ್ ಕ್ಲಾಸ್ ಬೇಕು.

ಇನ್ನು ನೋವಿನ ಮಾತು. 12ರ ಗೆರೆಯಲ್ಲಿ 13ನೆಯವರಿಗೆ ಆಗುವ ನೋವು 15ರ ಗೆರೆಯಲ್ಲಿ 16ನೆಯವರಿಗೆ ಆಗುತ್ತದೆ. ಒಂದು ಕಾಲಕ್ಕೆ ಸೆಮಿಗೇ 17 ಕೋರ್ ಮಾತ್ರ ಹೋಗುತ್ತಿದ್ದವು. ಆಗ 18ನೆಯವರು ಗುರುವಾರ ರಾತ್ರಿಯೇ ಅಳುತ್ತಿದ್ದರು. ಅದನ್ನು 25 ಮಾಡಿದರು, ಅಳು ಬೇರೆಯವರಿಗೆ ಹೋಯಿತು.

ನನಗೆ ಶುಕ್ರವಾರ ನೋವಾಗಿದ್ದು ಸೋತಿದ್ದಕ್ಕಲ್ಲ. ಮುಗಿದಿದ್ದು ಗೊತ್ತಾಗದೆ ಮುಗಿದಿದ್ದಕ್ಕೆ. ಎರಡನೇ ವರ್ಷ ನಾವು ಶೋ ಮುಗಿಸಿ ಹೊರಗೆ ಬಂದಾಗ ಇನ್ನೂ ಎಷ್ಟೋ ಕೋರ್‌ಗಳು ಬಾಕಿ. ನಾವು ಡ್ರಮ್ ಬಿಚ್ಚಿ ಪೆಟ್ಟಿಗೆಗೆ ಹಾಕಿದೆವು. ನನ್ನ ಪಕ್ಕದ ಟೆನರ್ ಡ್ರಮ್‌ನವನು ಅವತ್ತು ಏಜ್‌ಔಟ್. ನಾಳೆಗೆ ಅಂತ ಕೋಲುಗಳಿಗೆ ಹೊಸ ಬಿಳಿ ಟೇಪ್ ಸುತ್ತುತ್ತಾ ಕೂತಿದ್ದ. ಅವನು ಯಾವತ್ತೂ ಹಾಗೇ, ಒಂದು ಸುತ್ತು ವಾರೆ ಆದರೂ ಕಿತ್ತು ಮತ್ತೆ ಸುತ್ತುತ್ತಿದ್ದ. ನಾಲ್ಕು ಕೋಲು ಆಯಿತು, ಐದನೆಯದು ಅರ್ಧ ಆಗಿತ್ತು, ಆಗ ಅಂಕ ಬಂತು. ಅವನು ನಿಲ್ಲಿಸಲಿಲ್ಲ. ಐದನೆಯದನ್ನೂ ಪೂರ್ತಿ ಸುತ್ತಿ, ಟೇಪ್ ಹರಿದು, ಬೆರಳಿನಿಂದ ತಿಕ್ಕಿ ಅಂಟಿಸಿ, ಎಲ್ಲವನ್ನೂ ನನ್ನ ಕೈಗೆ ಕೊಟ್ಟ. ಮುಂದಿನ ವರ್ಷ ನಾನು ಫೈನಲ್ಸ್‌ನಲ್ಲಿ ಆಡಿದ್ದು ಅದರಲ್ಲಿ ಒಂದು ಜೋಡಿಯಿಂದ.

ಅವನು ಕೊನೆಯ ಸಲ ಆಡುವಾಗ ಅದು ಕೊನೆ ಅಂತ ಅವನಿಗೆ ಗೊತ್ತಿರಲಿಲ್ಲ. ಶನಿವಾರ ಆಡುವವರಿಗೆ ಆ ಭಾಗ್ಯ ಇದೆ. ಮೊದಲ ಹೆಜ್ಜೆ ಇಡುವಾಗಲೇ ಗೊತ್ತು, ಇದೇ ಕೊನೆ ಅಂತ. ನಾನು ಆ ರಾತ್ರಿ ಪ್ರತಿ ಬಾರಿಸುವಿಕೆಯನ್ನೂ ನೆನಪಿಟ್ಟುಕೊಂಡಿದ್ದೇನೆ.

ಅದಕ್ಕೇ ನನ್ನ ಆಸೆ ಬೇರೆ. ಫೈನಲ್ಸ್ 12 ಇರಲಿ. ಆದರೆ ಸೆಮಿಗೆ ಬಂದು ಒಳಗೆ ಹೋಗದ 13 ಕೋರ್‌ಗಳೂ ಶನಿವಾರ ಮಧ್ಯಾಹ್ನ ಅದೇ ಮೈದಾನದಲ್ಲಿ ಒಂದು ಸಲ ಆಡಲಿ. ಅಂಕ ಬೇಡ, ಸ್ಥಾನ ಬೇಡ. ಯಾರಿಗೆ ಖರ್ಚು ಭರಿಸಲು ಆಗುವುದಿಲ್ಲವೋ ಅವರು ಹೊರಡಲಿ, ಬಲವಂತ ಇಲ್ಲ. ಇರಬೇಕು ಅನ್ನುವವರು ಆಡಲಿ. ಏಜ್‌ಔಟ್ ಆಗುವವರ ಹೆಸರು ಕರೆಯಲಿ. ಆಗ ಅವರಿಗೂ ಕೊನೆ ಯಾವುದು ಅಂತ ಗೊತ್ತಿದ್ದು ಆಡಿದ ಹಾಗಾಗುತ್ತದೆ.

ಗಾರ್ಡ್ ಅಕ್ಕ:

ಇದು ನನಗೆ ಹಿಡಿಸಿತು. 15ರ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ರೀಕ್ಯಾಪ್ ಶೀಟ್:

ನನ್ನ ಅರ್ಧ ಅಂಕದ ನಿಯಮವನ್ನು ನಾನು ಬಿಡುವುದಿಲ್ಲ. ಎರಡೂ ಇರಬಹುದು, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮಧ್ಯಾಹ್ನ ಅಂಕ ಇಲ್ಲದೆ ಆಡಿಸುವುದು ಮಕ್ಕಳ ಮನಸ್ಸಿಗೆ. ರಾತ್ರಿಯ ಗೆರೆ ನ್ಯಾಯಕ್ಕೆ. ಮಧ್ಯಾಹ್ನ ಆಡಿದರು ಅಂತ ಎರಡು ದಶಾಂಶಕ್ಕೆ ಹೊರಗೆ ಬಿದ್ದದ್ದು ಸರಿ ಆಗುವುದಿಲ್ಲ.

ಅಡುಗೆ ಟ್ರಕ್:

ಟೆನರ್ ಹುಡುಗ, ಖರ್ಚಿನ ಬಗ್ಗೆ ಒಂದು ಮಾತು. ಮಧ್ಯಾಹ್ನ ಆಡುವುದಾದರೆ ಬೆಳಗ್ಗೆ ಪೂರ್ತಿ ರಿಹರ್ಸಲ್ ಬೇಕಾಗಿಲ್ಲ, ಸ್ವಲ್ಪ ಕೈ ಬಿಸಿ ಮಾಡಿಕೊಂಡರೆ ಸಾಕು. ಮೈದಾನದ ಬಾಡಿಗೆ ಉಳಿಯಿತು. ಬೆಳಗ್ಗೆ, ಮಧ್ಯಾಹ್ನ ಎರಡು ಊಟ ಸಾಕು. ಸಾಯಂಕಾಲ ಸ್ಟೇಡಿಯಂನಲ್ಲೇ ಕೂತು ಫೈನಲ್ಸ್ ನೋಡಿ, ರಾತ್ರಿ ಬಸ್ಸು ಹತ್ತಬಹುದು. ಆಗುವ ಮಾತೇ. ಸ್ಟೇಡಿಯಂನವರು ಮಧ್ಯಾಹ್ನ ಬಾಗಿಲು ತೆರೆಯಲು ಎಷ್ಟು ಕೇಳುತ್ತಾರೋ, ಅದು ಡಿಸಿಐನವರು ಮಾತಾಡಿಕೊಳ್ಳಬೇಕು.

ಹಳೇ ಸೊಪ್ರಾನೊ:

ನನಗೂ ಒಪ್ಪಿಗೆ. 12 ಮುಟ್ಟದೆ ಮಾಡಬಹುದಾದ ಕೆಲಸ ಇದು. ನಿಯಮ ಬದಲಾಗುವುದು ಕೋರ್ ಡೈರೆಕ್ಟರ್‌ಗಳ ಮತದಿಂದ. ಮೈಕು ಬಂದಿದ್ದೂ ಹಾಗೇ, ಎಷ್ಟೋ ಸಲ ಬಿದ್ದುಹೋಗಿ ಕೊನೆಗೆ ಪಾಸಾಯಿತು. ಆದರೆ ಇದಕ್ಕೆ ನಿಯಮವೂ ಬೇಕಾಗಿಲ್ಲ, ಅಂಕವೇ ಇಲ್ಲವಲ್ಲ. ಐದಾರು ಡೈರೆಕ್ಟರ್‌ಗಳು ಒಟ್ಟಿಗೆ ಕೇಳಿದರೆ ಸಾಕು. ಮೆಲ್ಲೊಫೋನ್ ಅಮ್ಮ, ನೀವು ನಿಮ್ಮ ಕೋರ್‌ನ ಡೈರೆಕ್ಟರ್‌ಗೆ ಬರೆಯಿರಿ. ಪೋಷಕರ ಕಾಗದ ಅವರು ಓದುತ್ತಾರೆ. ಜಿಪ್ಪಿನ ವಿಷಯವನ್ನೂ ಹಾಗೇ ಬರೆಯಿರಿ.

ಮೆಲ್ಲೊಫೋನ್ ಅಮ್ಮ:

ಇವತ್ತು ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಟೇಪ್ ಸುತ್ತಿದ ಹುಡುಗನ ಭಾಗ ಬಂದಾಗ ಅವಳು ಎದ್ದು ಹೋಗಿ ಡ್ರಾಯರ್‌ನಿಂದ ಆ ಮೌತ್‌ಪೀಸ್ ತಂದಳು. ಎರಡು ವರ್ಷದಿಂದ ಅಲ್ಲೇ ಇತ್ತಂತೆ, ನನಗೆ ಗೊತ್ತಿರಲಿಲ್ಲ. ನೀನು ಏನು ಹೇಳುತ್ತೀ, 12ಓ 15ಓ ಅಂತ ಕೇಳಿದೆ. "12 ಇರಲಿ ಅಮ್ಮಾ. ಆದರೆ ಶನಿವಾರ ಮಧ್ಯಾಹ್ನ ಇದ್ದಿದ್ದರೆ ನಾನು ಆಡುತ್ತಿದ್ದೆ" ಅಂದಳು. ನನಗೆ ಇನ್ನೂ ಪೂರ್ತಿ ಸಮಾಧಾನ ಆಗಿಲ್ಲ, 25ರಿಂದ ನೇರವಾಗಿ 12ಕ್ಕೆ ಇಳಿಯುವುದು ಈಗಲೂ ಸರಿ ಕಾಣುವುದಿಲ್ಲ. ಆದರೆ ಅವಳು ಆಡಿದವಳು, ನಾನು ಹೊರಗೆ ನಿಂತವಳು. ಅವಳ ಮಾತನ್ನೇ ಬರೆಯುತ್ತೇನೆ. ಕಾಗದ ಈ ವಾರವೇ ಹೋಗುತ್ತದೆ.

ಈ ಸಲ ಶುಕ್ರವಾರದ ಟಿಕೆಟ್ ಎರಡು ತೆಗೆದಿದ್ದೇನೆ. ಮೊದಲ ಕೋರ್ ಬರುವ ಮುಂಚೆಯೇ ಸೀಟಿನಲ್ಲಿ ಇರುತ್ತೇವೆ.

ಅಡುಗೆ ಟ್ರಕ್:

ಹಾಗಿದ್ದರೆ ಅಕ್ಕ, ಶನಿವಾರ ಬೆಳಗ್ಗೆ ಬಿಡುವಿದ್ದರೆ ನಮ್ಮ ಟ್ರಕ್ಕಿಗೆ ಬನ್ನಿ. ಶುಕ್ರವಾರ ನಮ್ಮದು ಏನೇ ಆಗಲಿ ಐದಕ್ಕೆ ಒಲೆ ಹಚ್ಚುತ್ತೇವೆ. ಬಡಿಸಲು ಇಬ್ಬರು ಕಡಿಮೆ ಇದ್ದಾರೆ.